ಅತ್ತಿಗೆಯನ್ನು ಅಳಿಸಿದ ಶನಿವಾರ

ಬೆಳಿಗ್ಗೆ ಬಸಳೆ ಸೋಸುತ್ತ ಕೂತಿದ್ದೆ. ಡೊಂಬಿವಲಿಯ ಮಾರ್ಕೆಟ್ಟಿನಲ್ಲಿ ಅಷ್ಟು ಎಳೆಯ ಬಸಳೆ ಸಿಗುವುದೂ ದೇವರ ದಯೆಯೇ. ನಮ್ಮ ಭಜನಾ ಮಂಡಳಿಯ ಪಟ್ಟಿ ಕಂಪ್ಯೂಟರಿಗೆ ಏರಿದ ಮೇಲೆ ಬಂದ ಮೊದಲ ಶನಿವಾರ ಅದು. ಪ್ರತಿ ಶನಿವಾರ ಒಬ್ಬರ ಮನೆಯಲ್ಲಿ ಭಜನೆ. ಯಾವ ವಾರ ಯಾರ ಮನೆ ಎಂದು ಬರೆದಿಡುವ ಸೇವೆ ನನ್ನದು. ಹನ್ನೊಂದು ವರ್ಷ ನೋಟ್‌ಬುಕ್ಕಿನಲ್ಲಿ ಬರೆದೆ. ಈಗ ನಾನು ಆಧುನಿಕ ಮಹಿಳೆ!

ಪ್ರೋಗ್ರಾಂ ಮಾಡಿಕೊಟ್ಟವಳು ಐರೋಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ರಶ್ಮಿ. "ಅಮ್ಮಾ, ಡೇಟಾಬೇಸನ್ನು ನಾನು ಮುಟ್ಟುವುದೇ ಇಲ್ಲ. ಕೋಡಲ್ಲಿ ರೂಲ್ ಬರೀತೇನೆ, ಓಆರ್‌ಎಂ ಅಂತ ಒಂದು ಟೂಲ್ ಉಂಟು, ಅದೇ ಹೋಗಿ ಟೇಬಲ್ಲಿಗೆ, ಅಂದ್ರೆ ಒಳಗಿನ ಪಟ್ಟಿಗೆ, ಹಾಕ್ತದೆ. ಏನು ರಿಪೀಟ್ ಆಗ್ಬಾರ್ದು, ಬೋಲ್" ಎಂದಿದ್ದಳು.

ನಾನು ಗಂಭೀರವಾಗಿ ಆಲೋಚಿಸಿ, "ಒಂದೇ ಮನೆಗೆ ವರ್ಷಕ್ಕೆ ಎರಡು ಸಲ ಭಜನೆ ಬರಬಾರದು" ಎಂದೆ. ದೊಡ್ಡ ಹಾಲ್ ಇರುವವರೇ ಮತ್ತೆ ಮತ್ತೆ ಕರೆದು ಸಣ್ಣ ಮನೆಯವರ ಸರದಿ ತಪ್ಪಬಾರದಲ್ಲ! ಇಷ್ಟು ನ್ಯಾಯವಾದ ರೂಲ್ ಹೇಳಿದೆನೆಂದು ನನಗೇ ಹೆಮ್ಮೆ.

ಫೋನ್ ಬಂತು. ದಿವಾದಿಂದ ಶರಣಮ್ಮ. ಕಲಬುರಗಿಯವಳು, ಗಂಡನಿಗೆ ತುರ್ಭೆಯಲ್ಲಿ ಲೋಡಿಂಗ್ ಕೆಲಸ. ಒಂಬತ್ತು ವರ್ಷ ಬಾಡಿಗೆ ಮನೆ ಬದಲಿಸಿ ಬದಲಿಸಿ, ಈಗಷ್ಟೇ ಒಂದೇ ಕೋಣೆಯ ಸ್ವಂತ ಖೋಲಿ ಮಾಡಿಕೊಂಡಿದ್ದಳು.

"ಅಕ್ಕಾರ, ಸಂಜೀಕ ಎಲ್ಲಾರೂ ಬರ್ತೀರಿಲ್ರೀ? ಇಷ್ಟು ಸಣ್ಣ ಖೋಲಿಗೆ ಯಾರ ಬರ್ತಾರ ಅಂತ ನಮ್ಮನಿಯವ್ರು ನಗಲಾಕತ್ಯಾರ್ರೀ."

"ಬರದೆ ಎಂತ? ನಾಲ್ಕು ಗಂಟೆಗೆ ಅಲ್ಲಿರ್ತೇವೆ!"

ಫೋನ್ ಇಟ್ಟ ಕೂಡಲೇ ಮತ್ತೊಂದು. ಬದಲಾಪುರದಿಂದ ಅತ್ತಿಗೆ. ಗಂಡನ ಅಕ್ಕ, ಮಂಡಳಿಯನ್ನು ಕಟ್ಟಿದವರು. ಅವರ ಫೋನನ್ನು ನಾನು ಈಗಲೂ ಸೆರಗು ಸರಿಮಾಡಿಕೊಂಡೇ ಎತ್ತುತ್ತೇನೆ.

"ಪಂಚಕಜ್ಜಾಯಕ್ಕೆ ಕಡ್ಲೆ ಎಷ್ಟು ಹುರಿಯಲಿ ಮಾರಾಯ್ತಿ? ಇವತ್ತು ಭಜನೆ ನಮ್ಮಲ್ಲಲ್ವಾ?"

ಬಸಳೆ ಕೈಯಿಂದ ಜಾರಿತು.

ಪಟ್ಟಿ ತೆರೆದರೆ ಒಂದೇ ಶನಿವಾರಕ್ಕೆ ಎರಡು ಮನೆ. ಎರಡನ್ನೂ ಬರೆದವಳು ನಾನೇ!

"ಒಂದು ವಾರಕ್ಕೆ ಒಂದೇ ಮನೆ ಅಂತ ನಿನಗೆ ಗೊತ್ತಿಲ್ವನಾ?" ಎಂದು ಮಗಳನ್ನು ಎಬ್ಬಿಸಿ ಕೇಳಿದೆ.

"ನೀನು ಹೇಳ್ಲಿಲ್ಲವಲ್ಲ!" ಎಂದಳು ರಶ್ಮಿ.

"ಅದೂ ಹೇಳಬೇಕಾ?"

"ಮಷೀನಿಗೆ ಹೇಳ್ಬೇಕು ಅಮ್ಮಾ."

ನೋಟ್‌ಬುಕ್ಕಿಗೆ ಹೇಳಬೇಕಾಗಿರಲಿಲ್ಲ. ಅಲ್ಲಿ ಒಂದು ವಾರಕ್ಕೆ ಒಂದೇ ಗೆರೆ. ಎರಡನೆಯ ಹೆಸರಿಗೆ ಜಾಗವೇ ಇರುತ್ತಿರಲಿಲ್ಲ.

ರಶ್ಮಿ ಹೊಸ ರೂಲ್ ಬರೆದಳು. ಆಗಲೇ ಇನ್ನೊಂದು ತಕರಾರು. "ಅರೇ, ಟೇಬಲ್ ಬೇಡ ಅಂತದೆ. ಒಳಗೆ ಎರಡು ಮನೆ ಆಗಲೇ ಕೂತಿವೆ. ಒಂದನ್ನು ತೆಗೀದೆ, ವಾರಕ್ಕೆ ಒಂದೇ ಅನ್ನುವ ಯುನೀಕ್ ರೂಲ್ ಕೂರುವುದಿಲ್ಲ. ಯಾರದ್ದು ತೆಗೀಬೇಕು, ನೀನೇ ನೋಡು. ನಾನು ಸ್ನಾನ ಮಾಡಿ ಬರ್ತೇನೆ."

ದೇವರಿಗೆ ಕೈಮುಗಿದು ಕೂತೆ. ಅತ್ತಿಗೆಯ ಕೋಪ ನನಗೆ ಅಭ್ಯಾಸವಿದೆ. ಶರಣಮ್ಮನ ಗಂಡನ ನಗು ನಿಜವಾಗಬಾರದು. ಹೆಸರು ಬೇಗ ಸಿಗಲೆಂದು ಮಗಳು ಇಂಡೆಕ್ಸ್ ಎಂಬುದನ್ನು ಬೇರೆ ಹಾಕಿದ್ದಳು. ಎರಡಕ್ಷರ ಒತ್ತುವಷ್ಟರಲ್ಲಿ ಅತ್ತಿಗೆ ಸಿಕ್ಕಿದರು. ಅಷ್ಟೇ ಬೇಗ ಹೋದರು!

ನಾನು ತೆಗೆಯಬೇಕಾಗಿದ್ದುದು ಅವರ ತಾರೀಖನ್ನು. ತೆಗೆದದ್ದು ಅವರ ಮನೆಯನ್ನೇ. ಮನೆ ಹೋದರೆ ಮನೆಮಂದಿಯೂ ಜೊತೆಗೆ ಹೋಗಬೇಕೆಂಬ ರೂಲ್ ಒಂದಿತ್ತಂತೆ. ಹೋದವರಿಗೆ ಮೆಸೇಜ್ ಕಳಿಸುವ ಸೌಜನ್ಯವೂ ಇತ್ತಂತೆ.

ಮತ್ತೆ ಅತ್ತಿಗೆಯ ಫೋನ್. "ಎಂತದಿದು? 'ನಿಮ್ಮ ಸದಸ್ಯತ್ವ ರದ್ದಾಗಿದೆ' ಅಂತ ಮನೆಯ ಐದು ಫೋನಿಗೂ ಮೆಸೇಜು! ನಾನು ಬದುಕಿದ್ದೇನಲ್ಲ?"

ಅಳುತ್ತಲೇ ಎಲ್ಲ ಒಪ್ಪಿಕೊಂಡೆ. ಶರಣಮ್ಮನ ಮಾತನ್ನೂ ಹೇಳಿದೆ. ಅತ್ತಿಗೆ ಕೇಳಿದರು:

"ಅವಳ ಮನೆ ಎಷ್ಟನೇ ಮಾಳಿಗೆ?"

"ಮೂರನೇದು. ಲಿಫ್ಟ್ ಇಲ್ಲ."

"ನನ್ನ ಮೊಣಕಾಲಿಗೆ ಶಿಕ್ಷೆ ಕೊಟ್ಟೆಯಲ್ಲ ಮಾರಾಯ್ತಿ. ಆಗಲಿ, ಕಡ್ಲೆ ಹುರಿದಾಯ್ತು, ಪಂಚಕಜ್ಜಾಯ ಮಾಡಿ ಅಲ್ಲಿಗೇ ತರ್ತೇನೆ. ಉಳಿದವರಿಗೆ ನೀನೇ ಫೋನ್ ಮಾಡು. ಕಂಪ್ಯೂಟರ್ ಮುಟ್ಟಬೇಡ!"

ಆ ಸಂಜೆ ದಿವಾದ ಖೋಲಿಯಲ್ಲಿ ಹನ್ನೊಂದು ಜನ ಹಿಡಿಸಿದರು, ಉಳಿದವರು ಮೆಟ್ಟಿಲ ಮೇಲೆ. ಶರಣಮ್ಮನ ಗಂಡ ಹಾರ್ಮೋನಿಯಂ ಅನ್ನು ಹೆಗಲ ಮೇಲೆ ಮೂರು ಮಾಳಿಗೆ ಹತ್ತಿಸಿ, ಮತ್ತೆ ಇಳಿದು ಹೋಗಿ ಅತ್ತಿಗೆಯ ಕೈಹಿಡಿದು ಹತ್ತಿಸಿದ. ಭಜನೆಯ ನಡುವೆ ಶರಣಮ್ಮ ಬಾಗಿಲಾಚೆ ಇಣುಕಿ ಇಣುಕಿ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಇಪ್ಪತ್ತಮೂರ ಜೋಡಿ ಚಪ್ಪಲಿ ಅದಾವ್ರೀ ಅಕ್ಕಾರ. ಎರಡ ಸಲ ಎಣಿಸೀನಿ."

ಮನೆಗೆ ಬಂದು, ರಶ್ಮಿ ಪಕ್ಕದಲ್ಲೇ ಕಾವಲು ಕೂತಿರಲು, ಅತ್ತಿಗೆಯ ಮನೆಮಂದಿಯನ್ನು ಭಕ್ತಿಯಿಂದ ಮತ್ತೆ ಬರೆದೆ. ಐದು ನಿಮಿಷದಲ್ಲಿ ಅತ್ತಿಗೆಯ ಫೋನ್.

"ಹೊಸ ಸದಸ್ಯರಿಗೆ ಸ್ವಾಗತ ಅಂತ ಬಂದಿದೆ. ವಯಸ್ಸು ಮೂವತ್ತಾರಂತೆ!"

ಅರವತ್ತಮೂರನ್ನು ತಿರುಗಿಸಿ ಒತ್ತಿದ್ದೆ. "ಈಗಲೇ ಸರಿಮಾಡ್ತೇನೆ ಅತ್ತಿಗೆ!"

"ಬೇಡ ಬೇಡ. ಅದು ಇರಲಿ."

ನಾನು ಎದ್ದು ನೆನೆಸಿಟ್ಟ ಉದ್ದು ರುಬ್ಬಲು ಹೋದೆ. ದೇವರ ದಯೆ, ಗ್ರೈಂಡರಿಗೆ ಇರುವುದು ಒಂದೇ ಸ್ವಿಚ್ಚು.