ನಾನು ಮಾಡಿದ ಮಣ್ಣೆತ್ತು

ಎತ್ತು ಮಾಡುವುದು ಏನು ಮಹಾ ವಿದ್ಯೆ? ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ, ಬೆನ್ನ ಮೇಲೊಂದು ಡುಬ್ಬ. ಇಷ್ಟನ್ನು ಸರಿಯಾದ ಜಾಗದಲ್ಲಿ ಅಂಟಿಸಿದರೆ ಎತ್ತು ಆಗಲೇಬೇಕು. ಆಗದೆ ಎಲ್ಲಿಗೆ ಹೋಗುತ್ತದೆ? ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ನನ್ನ ನಂಬಿಕೆ ಇಷ್ಟು ಸರಳವಾಗಿತ್ತು.

ಗಜೇಂದ್ರಗಡದ ನಮ್ಮ ಓಣಿಗೆ ಕುಂಬಾರ ನೀಲವ್ವ ಬುಟ್ಟಿ ಹೊತ್ತು ಬಂದಿದ್ದಳು. ಬುಟ್ಟಿ ತುಂಬ ಪೂಜೆಗೆ ಇಡುವ ಜೋಡಿ ಜೋಡಿ ಎತ್ತುಗಳು, ಅವಕ್ಕೆ ಮೇವು ಹಾಕಲು ಅಂಗೈಯಗಲದ ಗೋದಲಿಗಳು. ನನ್ನ ಹೆಂಡತಿ ಸುಜಾತಾ ಒಂದು ಜೋಡಿ ಆರಿಸಿ ಕೈಯಲ್ಲಿ ಹಿಡಿದಿದ್ದಳು. ಆರು ವರ್ಷದ ಮಗಳು ಸಿಂಚನಾ ಪಕ್ಕದಲ್ಲೇ ನಿಂತಿದ್ದಳು. ಸೀರೆ ಅಂಗಡಿ ತೆರೆಯಲು ಹೊರಟಿದ್ದ ನಾನು ಸುಮ್ಮನೆ ಚಪ್ಪಲಿ ಮೆಟ್ಟಿ ಹೋಗಿದ್ದರೆ ಮುಂದಿನದು ಏನೂ ಆಗುತ್ತಿರಲಿಲ್ಲ.

“ಎತ್ತು ಕೊಂಡ್ ತರೂದಾ?” ಎಂದೆ. “ನಮ್ಮ ನರೇಗಲ್ಲಾಗ ಮನ್ಯಾಗ ಮಾಡತಿದ್ವಿ. ಈ ವರ್ಷ ನಾನ ಮಾಡತೀನಿ!”

ನರೇಗಲ್ಲಿನ ಮನೆಯಲ್ಲಿ ಎತ್ತು ಮಾಡುತ್ತಿದ್ದದ್ದು ಖರೆ. ಮಾಡುತ್ತಿದ್ದವರು ನಮ್ಮ ಅಜ್ಜ. ನಾನು ಚರಿಗೆಯಲ್ಲಿ ನೀರು ತಂದುಕೊಡುತ್ತಿದ್ದೆ. ಈ ಸಣ್ಣ ವಿವರ ಆ ಹೊತ್ತಿನಲ್ಲಿ ಹೇಳುವಂಥದ್ದು ಅನಿಸಲಿಲ್ಲ.

“ಖರೇನಾ ಅಪ್ಪಾ? ನಿನಗ ಬರ್ತೈತಾ?” ಸಿಂಚನಾಳ ಕಣ್ಣು ಅರಳಿದವು.

“ಏನ್ ಹಂಗ ಕೇಳ್ತೀ! ನಾಳೆ ನೋಡು, ನಮ್ಮಂಥಾ ಎತ್ತು ಓಣ್ಯಾಗ ಯಾರ ಮನ್ಯಾಗೂ ಇರಂಗಿಲ್ಲ.”

ಈ ಮಾತು ಅಕ್ಷರಶಃ ನಿಜವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಸುಜಾತಾ ಕೈಯಲ್ಲಿದ್ದ ಜೋಡಿಯನ್ನು ಬುಟ್ಟಿಗೆ ಮರಳಿಸಿ ನನ್ನನ್ನು ಒಂದು ಸಲ ನೋಡಿದಳು. ಸಿಂಚನಾ ಮಾತ್ರ ಆಗಲೇ ಓಣಿಗೆ ಓಡಿದ್ದಳು, ಸುದ್ದಿ ಸಾರಲು.

ಆ ವಯಸ್ಸಿನ ಮಕ್ಕಳು ಅಪ್ಪ ಹೇಳಿದ್ದನ್ನೆಲ್ಲ ನಂಬುತ್ತಾರೆ. ಗುಡ್ಡದ ಮೇಲಿನ ಕೋಟೆಗೆ ಕಲ್ಲು ಹೊತ್ತವರು ಯಾರು, ವಿಮಾನ ಯಾಕೆ ಬೀಳುವುದಿಲ್ಲ, ಹಲ್ಲಿಗೆ ಮತ್ತೆ ಬಾಲ ಹೇಗೆ ಬರುತ್ತದೆ, ಎಲ್ಲಕ್ಕೂ ನಾನೇ ಅಧಿಕೃತ ಮೂಲ. ಈ ಗೌರವ ಬಹಳ ವರ್ಷ ಉಳಿಯುವುದಿಲ್ಲವೆಂದು ನನಗೂ ಗೊತ್ತು. ಲೆಕ್ಕದ ವಿಷಯ ಆಗಲೇ ಅವರ ಟೀಚರ್ ಪಾಲಾಗಿತ್ತು. ಉಳಿದದ್ದನ್ನಾದರೂ ಇನ್ನಷ್ಟು ದಿನ ಕಾಯ್ದುಕೊಳ್ಳಬೇಕೆಂಬ ಆಸೆ ನನಗಿತ್ತು. ಮಗಳ ಕಣ್ಣಿನಲ್ಲಿ ಸಣ್ಣವನಾಗಲು ನನಗೆ ನಿಜವಾಗಿಯೂ ಹೆದರಿಕೆ.

ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ, ಮಣ್ಣು ತರಲು ಸ್ಕೂಟರ್ ಹತ್ತಿ ಗೆಳೆಯನ ಹೊಲಕ್ಕೆ ಹೋದೆ. ಹಿಂದಿನ ದಿನ ಮಳೆ ಬಿದ್ದಿತ್ತು. ಹಸಿ ಎರೆಮಣ್ಣು ಒಳಗೆ ಬಂದವರನ್ನು ಸುಲಭಕ್ಕೆ ಬಿಡುವುದಿಲ್ಲ ಎಂಬುದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಸ್ಕೂಟರನ್ನು ಹೊಲದ ದಾರಿಗೆ ಇಳಿಸಿದೆ! ಗಾಲಿಗೂ ಮಡ್ಗಾರ್ಡಿಗೂ ನಡುವೆ ಮಣ್ಣು ಮೆತ್ತಿ, ಗಾಲಿ ತಿರುಗುವುದನ್ನೇ ಬಿಟ್ಟಿತು. ಕಟ್ಟಿಗೆಯಿಂದ ಕೆರೆಯುತ್ತಾ, ತಳ್ಳುತ್ತಾ ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ನನ್ನ ಎಡಗಾಲ ಚಪ್ಪಲಿ ಭೂತಾಯಿಗೆ ಅರ್ಪಣೆಯಾಗಿತ್ತು.

ಬಾಗಿಲಲ್ಲಿ ಸುಜಾತಾ ನನ್ನನ್ನು ಮೊಣಕಾಲಿನಿಂದ ತಲೆಯವರೆಗೆ ನೋಡಿದಳು. “ಮಣ್ಣ ತರ್ತೀನಿ ಅಂದಿದ್ರಿ. ಹೊಲಾನ ತಂದೀರಲ್ರಿ!”

ಕಟ್ಟೆಯ ಮೇಲೆ ಕೂತು ಶಾಸ್ತ್ರೋಕ್ತವಾಗಿ ಕೆಲಸ ಆರಂಭಿಸಿದೆ. ಮೈ ಚೆನ್ನಾಗಿಯೇ ಬಂತು. ಕಾಲು ಹಚ್ಚಿ ನಿಲ್ಲಿಸಿದೆ. ಎತ್ತು ನಿಂತಿತು. ಆಮೇಲೆ ನಿಧಾನವಾಗಿ ಕುಳಿತಿತು.

“ಅಪ್ಪಾ, ಯಾಕ ಕುಂತೈತಿ?”

“ದಣದೈತಿ.”

ಕಸಬರಿಗೆ ಕಡ್ಡಿ ಮುರಿದು ಕಾಲೊಳಗೆ ತುರುಕಿದೆ. ಅಂತೂ ಸಂಜೆಯ ಹೊತ್ತಿಗೆ ಎರಡು ನಿಂತವು. ನಮ್ಮ ತಾಯಿ ಚಷ್ಮಾ ಏರಿಸಿಕೊಂಡು ಬಂದು ನೋಡಿ, “ಹಂದಿ ಚಲೋ ಆಗ್ಯಾವು. ಎತ್ತ ಯಾವಾಗ ಮಾಡಾಂವ?” ಎಂದರು.

“ಆಯೀ, ಅವು ಎತ್ತು! ಅಪ್ಪ ಇನ್ನಾ ಕೊಂಬ ಹಚ್ಚಿಲ್ಲ!” ಎಂದು ಸಿಂಚನಾ ಸಿಟ್ಟಿಗೆದ್ದಳು. ಕೊಂಬು ಹಚ್ಚಿ ಆಗಲೇ ಬಹಳ ಹೊತ್ತಾಗಿತ್ತು. ಅವಳ ಆ ನಿಷ್ಠೆ ಕಂಡು, ಕೊಂಬುಗಳನ್ನು ಇನ್ನಷ್ಟು ಎಳೆದು ಚೂಪು ಮಾಡಿದೆ.

ಮೋಡ ಕವಿದಿತ್ತು. ಬಿಸಿಲಿಲ್ಲದೆ ಎತ್ತು ಒಣಗುವುದು ಹೇಗೆ? ಸುಜಾತಾ ನೆರೆಮನೆಗೆ ಹೋದದ್ದೇ ತಡ, ಗ್ಯಾಸ್ ಹಚ್ಚಿ, ರೊಟ್ಟಿ ಹಂಚು ಇಟ್ಟು, ಅದರ ಮೇಲೆ ಒಂದು ಎತ್ತನ್ನು ನಿಲ್ಲಿಸಿದೆ. ಸ್ವಲ್ಪ ಹೊತ್ತು ಹಬೆಯಾಡಿತು. ಕೆಲಸ ಕೈಗೂಡಿತು ಎಂದು ಮೀಸೆ ತಿರುವಿದೆ. ಫಟ್! ಎತ್ತಿನ ಮುಂಗಾಲು ಹಾರಿ ಹಿಟ್ಟಿನ ಪರಾತಕ್ಕೆ ಬಿತ್ತು!

ಅದನ್ನು ಹುಡುಕುತ್ತಿರುವಾಗಲೇ ಬಚ್ಚಲಿನಿಂದ ನೀರಿನ ಸದ್ದು ಕೇಳಿಸಿತು. ಓಡಿದೆ. ಮೂರು ವರ್ಷದ ಮಗ ಸಮರ್ಥ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹದಿನೈದು ದಿನದ ಹಿಂದಷ್ಟೇ ಹಬ್ಬಕ್ಕೆ ಅವನ ಸೋದರಮಾವ ಎತ್ತುಗಳ ಮೈ ತೊಳೆಯುವುದನ್ನು ಕಂಡಿದ್ದ ಹುಡುಗ.

“ಎತ್ತಿಗೆ ಜಳಕಾ!” ಎಂದ, ಸಂತೋಷದಿಂದ.

ಬಕೆಟ್ಟಿನಲ್ಲಿ ಕರಿ ನೀರಿತ್ತು. ಮೇಲೆ ಕಸಬರಿಗೆಯ ನಾಲ್ಕು ಕಡ್ಡಿ ತೇಲುತ್ತಿದ್ದವು.

ಬರಿಗಾಲಲ್ಲೇ ನೀಲವ್ವನ ಮನೆಗೆ ಓಡಿದೆ. “ಎಲ್ಲಾ ಮಾರಿ ಹೋದವ್ರಿ. ಮುಂಜಾನೆ ನೀವ ಬ್ಯಾಡ ಅಂದ್ರೆಲ್ರಿ?” ಎಂದಳು. ಮನೆಗೆ ಮರಳಿದಾಗ ಸುಜಾತಾ ಹಂಚನ್ನು ನೋಡಿಯಾಗಿತ್ತು, ಬಕೆಟ್ಟನ್ನೂ ನೋಡಿಯಾಗಿತ್ತು. ಬೈಯಲಿಲ್ಲ. “ಸಿಂಚನಾಗ ನೀವ ಹೇಳ್ರಿ,” ಎಂದಳಷ್ಟೆ.

ಹೇಳಿದೆ. ಒಂದು ಕರಗಿತು, ಇನ್ನೊಂದರ ಕಾಲು ಮುರಿಯಿತು ಎಂದೆ. ಅವಳು ಮೂರು ಕಾಲಿನದನ್ನು ಎತ್ತಿ ತಿರುಗಿಸಿ ನೋಡಿದಳು.

“ಅಪ್ಪಾ, ನಿನಗ ಎತ್ತ ಮಾಡಾಕ ಬರಂಗಿಲ್ಲನೂ?”

ಅತ್ತಿದ್ದರೆ, ಕೂಗಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ದನಿಯಲ್ಲಿ ಸಿಟ್ಟು ಇರಲೇ ಇಲ್ಲ.

“ಇಲ್ಲವಾ. ಬರಂಗಿಲ್ಲ.”

ತಲೆಯಾಡಿಸಿ ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ಸ್ವಲ್ಪ ಹೊತ್ತಿಗೆ ಸುಜಾತಾ ಉಳಿದ ಮಣ್ಣನ್ನು ಮುಂದಿಟ್ಟುಕೊಂಡು, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು, ರೊಟ್ಟಿ ಹಿಟ್ಟು ನಾದುವ ಹಾಗೆ ನಾದಿದಳು. ನೋಡುನೋಡುತ್ತಲೇ ಒಂದು ಜೋಡಿ ಎತ್ತು ಎದ್ದು ನಿಂತವು. ಕೊಂಬು, ಡುಬ್ಬ, ಗಂಗೆದೊಗಲು ಸಮೇತ. ಕಡ್ಡಿ ಇಲ್ಲದೆ!

“ನಿನಗ ಬರ್ತಿತ್ತಾ? ಮತ್ತ ಮುಂಜಾನೆ ಯಾಕ ಹೇಳಲಿಲ್ಲ?”

“ನೀವೆಲ್ಲಿ ಕೇಳಿದ್ರಿ?”

ಅಮಾವಾಸ್ಯೆಯ ದಿನ ಆ ಜೋಡಿಗೇ ಪೂಜೆಯಾಯಿತು, ಹೋಳಿಗೆಯ ಎಡೆಯಾಯಿತು. ನನ್ನ ಮೂರು ಕಾಲಿನದು ಕಿಟಕಿಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಅದನ್ನು ಎಸೆಯಲು ನನಗೆ ಕೈ ಬರಲಿಲ್ಲ. ಉಣ್ಣುವಾಗ ಅದರ ಕಡೆಗೆ ನೋಡಲೂ ಆಗಲಿಲ್ಲ.

ಅಮಾವಾಸ್ಯೆಯ ಮರುದಿನ ನಮ್ಮ ಕಡೆ ಮಕ್ಕಳದೊಂದು ಪದ್ಧತಿ ಇದೆ. ಮಣ್ಣೆತ್ತಿನ ಒಂದು ಕಾಲು ಮುರಿದು, ಅದನ್ನು ತಾಟಿನಲ್ಲಿಟ್ಟುಕೊಂಡು, ಕುಂಟೆತ್ತು ಬಂದಿದೆ ಎಂದು ಕೂಗುತ್ತಾ ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಎರಡು ದಿನದ ಸಂಕಟದಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ. ಅಂದು ಸಂಜೆ ಅಂಗಡಿಯಲ್ಲಿ ರೋಣದಿಂದ ಬಂದ ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ ಬಿಚ್ಚಿ ತೋರಿಸುತ್ತಿದ್ದೆ. ಹೊರಗೆ ಗದ್ದಲ ಕೇಳಿಸಿತು.

“ಕುಂಟೆತ್ತು ಬಂದೈತ್ರೀ! ಜ್ವಾಳಾ ನೀಡ್ರೀ!”

ಓಣಿಯ ಹುಡುಗರ ದಂಡು ಒಳಗೆ ನುಗ್ಗಿತು. ಮುಂದೆ ತಾಟು ಹಿಡಿದು ಸಿಂಚನಾ. ತಾಟಿನಲ್ಲಿ, ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದುಕೊಂಡು, ನನ್ನ ಎತ್ತು! ನಾನು ಸೀರೆಯ ಸೆರಗನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದೆ.

ಹಿರಿಯ ಹೆಂಗಸೊಬ್ಬಳು ಬಗ್ಗಿ ನೋಡಿದಳು. “ಅಯ್ಯ, ಥೇಟ್ ಕುಂಟೆತ್ತು! ಯಾರ ಮಾಡ್ಯಾರವಾ ಇದನ್ನ?”

“ನಮ್ಮಪ್ಪ!” ಸಿಂಚನಾ ಸೆರಗಿನ ಹಿಂದಿದ್ದ ನನ್ನತ್ತ ಬೆರಳು ಮಾಡಿದಳು.

“ಬೇಕಂತನ ಹಿಂಗ ಮಾಡೀರೇನ್ರಿ?”

ದೇವರೇ ಕೊಟ್ಟ ಅವಕಾಶ! ಗಂಟಲು ಸರಿಮಾಡಿಕೊಂಡು, “ಹೌದ್ರಿ…” ಎನ್ನುವಷ್ಟರಲ್ಲಿ ಮಗಳು ತಡೆದಳು.

“ಇಲ್ರೀ, ಅವಗ ಎತ್ತ ಮಾಡಾಕ ಬರೂದ ಇಷ್ಟ. ಜೋಡೆತ್ತು ನಮ್ಮವ್ವ ಮಾಡ್ತಾಳ. ಕುಂಟೆತ್ತು ಮಾತ್ರ ನಮ್ಮಪ್ಪನ ಮಾಡಬೇಕು. ಮುಂದಿನ ವರ್ಷಾನೂ ಅವನ ಮಾಡ್ತಾನ.”

ಅವಳ ದನಿ ಹೆಮ್ಮೆಯಿಂದ ಉಬ್ಬಿತ್ತು. ನನಗೆ ಏನೂ ಬರುವುದಿಲ್ಲವೆಂದು ಗೊತ್ತಾದ ಮೇಲೂ ಅಷ್ಟೇ ಹೆಮ್ಮೆ! ನನ್ನ ಕಣ್ಣು ಒದ್ದೆಯಾದವು. ಹೆಣ್ಣುಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದರು.

ದಂಡಿನಿಂದ ನೆರೆಮನೆಯ ಹುಡುಗಿ ಮುಂದೆ ಬಂದಳು. “ಕಾಕಾ, ನಮಗೂ ಒಂದು ಮಾಡಿ ಕೊಡ್ರಿ. ನಮ್ಮ ಎತ್ತು ಎಷ್ಟ ಬಡದ್ರೂ ಕಾಲ ಮುರಿವಲ್ದು!”

ಅಲ್ಲೇ ಒಪ್ಪಿಕೊಂಡೆ. ಕುಂಟೆತ್ತು ಮಾಡಲು ಬರುವುದಿಲ್ಲ ಎಂದು ನಾನು ಯಾವ ಬಾಯಿಂದ ಹೇಳಲಿ?