ರಿಪೋರ್ಟು ನಾರ್ಮಲ್, ನಾನು ಸುಸ್ತು

ನನಗೆ ಬರುವ ಕಾಯಿಲೆಗಳಲ್ಲಿ ಒಂದಾದರೂ ಮರ್ಯಾದೆಯಾಗಿ ಬಂದು ಮರ್ಯಾದೆಯಾಗಿ ಹೋಗಿದ್ದಿಲ್ಲ. ಹೋಗುವಾಗ ದಾರಿಯಲ್ಲಿ ನಾಲ್ಕು ಜನರನ್ನು ನಗಿಸಿಯೇ ಹೋಗುತ್ತವೆ. ನಾವು ವಡೋದರಾಕ್ಕೆ ಬಂದು ಹದಿನಾರು ವರ್ಷವಾಯಿತು. ಮಕರಪುರದ ಒಂದು ಮೋಟಾರ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ನನ್ನ ಕೆಲಸ. ಹೋದ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಸುಸ್ತು ಶುರುವಾಯಿತು. ಎಂಥ ಸುಸ್ತು ಅಂತೀರಿ! ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಮಲಗಬೇಕು. ಬಾಚಣಿಗೆ ತುಂಬ ಕೂದಲು. ಊರಿಗೆ ಊರೇ ಬೆವರು ಒರೆಸಿಕೊಳ್ಳುವಾಗ ನನಗೊಬ್ಬಳಿಗೆ ಫ್ಯಾನಿನಡಿ ಚಳಿ. ಎಲ್ಲರೂ ಒಂದೇ ಬಾಯಲ್ಲಿ "ಥೈರಾಯ್ಡ್" ಅಂದರು. ಸರಿ, ರಕ್ತ ಪರೀಕ್ಷೆ ಮಾಡಿಸಿಯೇಬಿಡೋಣ ಅಂತ ಹೊರಟೆ.

ಮೊಸರು ಸಕ್ಕರೆ

ಥೈರಾಯ್ಡ್ ಜೊತೆಗೆ ಸಕ್ಕರೆ ಪರೀಕ್ಷೆಯೂ ಇತ್ತು, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ಆದರೆ ಇಲ್ಲಿ ಮುಖ್ಯವಾದ ಕೆಲಸಕ್ಕೆ ಹೊರಟವರ ಬಾಯಿಗೆ ಒಂದು ಚಮಚ ಮೊಸರು ಸಕ್ಕರೆ ಹಾಕಿಯೇ ಕಳಿಸುವುದು ಪದ್ಧತಿ. ನಾನು ಬಾಗಿಲು ಹಾಕುವಷ್ಟರಲ್ಲಿ ಎದುರು ಮನೆಯ ಗುಜರಾತಿ ಅಜ್ಜಿ ಬಟ್ಟಲು ಹಿಡಿದು ನಿಂತಿದ್ದರು. "ಒಳ್ಳೇದಾಗಲಿ ಮಗಳೇ" ಅಂದವರೇ ಚಮಚವನ್ನು ಬಾಯಿಗಿಟ್ಟರು. ನಾನು ಬೇಡ ಅನ್ನೋಣ ಅಂತ ಬಾಯಿ ತೆರೆದಿದ್ದೇ ತಪ್ಪಾಯಿತು.

ಲ್ಯಾಬಿನಾಕೆ ನನ್ನ ಮುಖ ನೋಡಿಯೇ ಸೂಜಿ ಕೆಳಗಿಟ್ಟಳು. "ಮೊಸರು ಸಕ್ಕರೆ ತಾನೇ? ವಾರಕ್ಕೆ ಮೂರು ಜನ ಹೀಗೇ ವಾಪಸ್ ಹೋಗ್ತಾರೆ. ನಾಳೆ ಬನ್ನಿ."

ಮರುದಿನ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳಹೆಜ್ಜೆಯಲ್ಲಿ ಮೂರು ಮಹಡಿ ಇಳಿದೆ. ಗೇಟಿನ ಹತ್ತಿರ ಅಜ್ಜಿ ಅದೇ ಬಟ್ಟಲಿನೊಂದಿಗೆ ಪ್ರತ್ಯಕ್ಷ! "ನಿನ್ನೆ ಕೆಲಸ ಆಗದೆ ವಾಪಸ್ ಬಂದೆಯಂತೆ, ಪಾಪ. ಒಂದು ಚಮಚ ಸಾಲಲಿಲ್ಲ ಅಂತ ಕಾಣುತ್ತೆ. ಇವತ್ತು ಎರಡು ತಿನ್ನು" ಅಂದರು.

ಬೇರೆ ಡಿಪಾರ್ಟ್‌ಮೆಂಟು

ಅಂತೂ ಮೂರನೇ ದಿನ ರಕ್ತ ಕೊಟ್ಟೆ. ಸಂಜೆ ರಿಪೋರ್ಟು ಬಂತು. ಎಲ್ಲಾ ನಾರ್ಮಲ್.

"ನೋಡೇ, ನಿನಗೇನೂ ಆಗಿಲ್ಲ" ಅಂತ ನಮ್ಮನೆಯವರು ಕುಣಿದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. "ಏನೂ ಆಗಿಲ್ಲ ಅಂದ್ರೆ ನಾನು ನಾಟಕ ಮಾಡ್ತಿದ್ದೀನಾ?" ಅಂತ ರೇಗಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಅಳು ಬಂದಿತ್ತು. ಕಾಯಿಲೆಯನ್ನಾದರೂ ತಡೆದುಕೊಳ್ಳಬಹುದು, ಯಾರೂ ನಂಬದಿದ್ದರೆ ಹೇಗೆ ತಡೆದುಕೊಳ್ಳುವುದು? "ಹೌದಮ್ಮ, ನಿನಗೇನೋ ಆಗಿದೆ" ಅಂತ ಯಾರಾದರೂ ಒಬ್ಬರು ಹೇಳಿದರೆ ಸಾಕಾಗಿತ್ತು.

ಅಹಮದಾಬಾದಿನ ವಸ್ತ್ರಾಪುರದಲ್ಲಿ ನನ್ನ ನಾದಿನಿ ಇದ್ದಾಳೆ. ಅವಳು ಅಲ್ಲಿನ ಒಬ್ಬ ದೊಡ್ಡ ಸ್ಪೆಷಲಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಅವರು ರಿಪೋರ್ಟನ್ನು ಎರಡು ಸಲ ಓದಿದರು. "ಥೈರಾಯ್ಡ್ ಸರಿಯಾಗೇ ಇದೆ. ಹಾರ್ಮೋನು ಸಾಲದೇ ಇದ್ದರೆ ಮಾತ್ರೆ ಕೊಡಬಹುದು. ಸಾಕಷ್ಟು ಇರೋವಾಗ ಮೇಲೆ ಸುರಿದರೆ ಎದೆ ಡವಡವ ಅನ್ನುತ್ತೆ, ಮೂಳೆ ಸವೆಯುತ್ತೆ. ಮಾತ್ರೆ ಕೊಡಲ್ಲ."

ನಾನು ಬಿಡಲಿಲ್ಲ. "ಡಾಕ್ಟ್ರೇ, ನಮ್ಮ ಫ್ಯಾಕ್ಟರಿಯಲ್ಲಿ ಮೀಟರ್ ರೀಡಿಂಗ್ ಎಲ್ಲ ಸರಿಯಿದ್ದರೂ ಮೋಟಾರು ಗುಂಯ್ ಅಂತ ಸದ್ದು ಮಾಡಿದರೆ ನಾನು ಪಾಸ್ ಮಾಡಲ್ಲ."

"ಸರಿ. ಆದರೆ ಸದ್ದು ಬಂತು ಅಂತ ಚೆನ್ನಾಗಿರೋ ಪಾರ್ಟನ್ನೇ ಬದಲಾಯಿಸ್ತೀರಾ?"

"ಹಾಗಾದರೆ ಸದ್ದು ಎಲ್ಲಿಂದ ಬರ್ತಿದೆ?" ಅಂತ ಕೇಳಿದೆ.

ಅವರು ರಿಪೋರ್ಟು ಮಡಿಸಿ ನನ್ನ ಕೈಗೆ ಕೊಟ್ಟು ಹೇಳಿದರು: "ಅದು ಬೇರೆ ಡಿಪಾರ್ಟ್‌ಮೆಂಟು." ಥೇಟ್ ನಮ್ಮ ಫ್ಯಾಕ್ಟರಿಯವರೇ ಮಾತಾಡಿದ ಹಾಗಿತ್ತು.

ಹೊಳಪು ಇಳಿದಿದೆ

ನಮ್ಮ ಪ್ಯಾಕಿಂಗ್ ವಿಭಾಗದ ಗೆಳತಿ ಸೂರತ್ತಿನವಳು. "ಕತಾರ್‌ಗಾಮ್‌ನಲ್ಲಿ ನಮ್ಮ ಡಾಕ್ಟರ್ ಇದ್ದಾರೆ, ಕೈಗುಣ ಭಾರಿ ಚೆನ್ನಾಗಿದೆ" ಅಂತ ಒಂದು ಭಾನುವಾರ ಸೂರತ್ತಿಗೂ ಎಳೆದುಕೊಂಡು ಹೋದಳು.

ಅಲ್ಲಿ ಕಾಯುವ ಕೋಣೆಯಲ್ಲಿ ರಿಪೋರ್ಟು ಅಂದರೆ ಸಾರ್ವಜನಿಕ ಆಸ್ತಿ. ನನ್ನದನ್ನು ಪಕ್ಕದಾಕೆ ಇಸಿದುಕೊಂಡು ಓದಿ ಅವಳ ಪಕ್ಕದವರಿಗೆ ಕೊಟ್ಟಳು. ಹಾಗೇ ಸುತ್ತುತ್ತಾ ಅದು ಒಬ್ಬ ವಜ್ರದ ಕಾರ್ಖಾನೆಯ ಹಿರಿಯರ ಕೈ ಸೇರಿತು. ಅಷ್ಟರಲ್ಲಿ ನನ್ನ ಹೆಸರಿಗೆ ಇಲ್ಲಿನವರ 'ಬೆನ್', ಅಂದರೆ ಅಕ್ಕ, ಸೇರಿಸಿ ಒಳಗೆ ಕರೆದರು.

"ರಿಪೋರ್ಟು ಹೊರಗಿದೆ ಡಾಕ್ಟ್ರೇ, ತರ್ತೀನಿ" ಅಂದೆ.

"ಅಲ್ಲೇ ಇರಲಿ ಬಿಡಿ. ಕಾಗದ ನೋಡಿ ಔಷಧಿ ಕೊಡೋನಲ್ಲ ನಾನು, ಮುಖ ನೋಡಿ ಕೊಡೋನು. ನಿಮ್ಮದು ಥೈರಾಯ್ಡ್ ಮುಖ" ಅಂದವರೇ ಮಾತ್ರೆ ಬರೆದುಕೊಟ್ಟರು. ಎರಡೇ ನಿಮಿಷ.

ಹೊರಗೆ ಬಂದರೆ ವಜ್ರದ ಹಿರಿಯರು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಒತ್ತಿಕೊಂಡು, ನನ್ನ ರಿಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೂ ನೋಡುತ್ತಲೇ ಇದ್ದರು. ಕೋಣೆಯೆಲ್ಲ ಉಸಿರು ಬಿಗಿ ಹಿಡಿದು ಕಾಯುತ್ತಿತ್ತು. ಕೊನೆಗೆ ಅವರು ತೀರ್ಪು ಕೊಟ್ಟರು: "ಮಾಲು ಶುದ್ಧವಾಗಿದೆ, ಎಲ್ಲೂ ಕಲೆಯಿಲ್ಲ. ಈ ಬೆನ್‌ದು ಹೊಳಪು ಮಾತ್ರ ಸ್ವಲ್ಪ ಇಳಿದಿದೆ."

ಮೂರನೆಯ ಓಟು

ಒಬ್ಬ ಡಾಕ್ಟರು ಬೇಡ ಅಂದರು, ಇನ್ನೊಬ್ಬರು ನುಂಗಿ ಅಂದರು. ಕೊಂಡ ಮಾತ್ರೆಯ ಸ್ಟ್ರಿಪ್ಪು ಹದಿನೈದು ದಿನ ನನ್ನ ಬ್ಯಾಗಿನಲ್ಲೇ ಫ್ಯಾಕ್ಟರಿಗೆ ಹೋಗಿ ಬಂತು. ನುಂಗಲು ಭಯ, ಎಸೆಯಲು ಆಸೆ ಬಿಡದು. "ಮೂರನೆಯವರನ್ನು ಕೇಳೋಣ, ಮೆಜಾರಿಟಿ ಗೊತ್ತಾಗುತ್ತೆ" ಅಂತ ನಮ್ಮನೆಯವರೇ ನಮ್ಮ ಬೀದಿಯ ವಯಸ್ಸಾದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಅವರು ರಿಪೋರ್ಟನ್ನು ಪಕ್ಕಕ್ಕಿಟ್ಟು, "ಬೆಳಿಗ್ಗೆಯಿಂದ ರಾತ್ರಿವರೆಗೆ ನಿಮ್ಮ ದಿನ ಹೇಗಿರುತ್ತೆ? ನಿಧಾನವಾಗಿ ಹೇಳಿ" ಅಂದರು. ಅಯ್ಯೋ, ಇದನ್ನು ಇಷ್ಟು ದಿನ ಒಬ್ಬರೂ ಕೇಳಿರಲಿಲ್ಲ! ಹೇಳತೊಡಗಿದೆ. ಐದೂವರೆಗೆ ಏಳುತ್ತೇನೆ, ಮೂರು ಡಬ್ಬಿ ಕಟ್ಟುತ್ತೇನೆ, ಬಸ್ಸು, ಫ್ಯಾಕ್ಟರಿ... "ಮಧ್ಯಾಹ್ನ ಊಟದ ಹೊತ್ತಿಗೆ" ಅಂದಿದ್ದು ನೆನಪಿದೆ.

ಕಣ್ಣು ಬಿಟ್ಟಾಗ ನಮ್ಮನೆಯವರ ಭುಜದ ಮೇಲೆ ನನ್ನ ತಲೆ, ಮೈಮೇಲೆ ಡಾಕ್ಟರ ಶಾಲು. ಎದುರಿಗೆ ಯಾರೋ ಒಬ್ಬರು ನಾಲಿಗೆ ಚಾಚಿ ಸದ್ದಿಲ್ಲದೆ "ಆ" ಅನ್ನುತ್ತಿದ್ದರು.

"ಎಷ್ಟು ಹೊತ್ತಾಯ್ತು?" ಅಂದೆ.

"ಮುಕ್ಕಾಲು ಗಂಟೆ" ಅಂದರು ಡಾಕ್ಟರು. "ಏಳು ಪೇಷಂಟ್ ಮುಗಿಸಿದೆ. ಎಲ್ಲರೂ ಪಿಸುಮಾತಿನಲ್ಲೇ ಕಾಯಿಲೆ ಹೇಳಿದರು. ನನ್ನ ಮಾತು ಕೇಳಿ ನಿದ್ದೆ ಹೋದವರನ್ನು ನೋಡಿದ್ದೀನಿ. ತನ್ನ ಕಥೆ ಹೇಳ್ತಾ ತಾನೇ ನಿದ್ದೆ ಹೋದವರು ನೀವೇ ಮೊದಲು. ಥೈರಾಯ್ಡ್ ಅಲ್ಲ, ಆದರೆ ನಿಮಗೇನೋ ಖಂಡಿತ ಆಗಿದೆ. ಹುಡುಕೋಣ."

ನಾನು ಗಳಗಳ ಅತ್ತುಬಿಟ್ಟೆ. ನಮ್ಮನೆಯವರು ಭುಜ ತಿಕ್ಕಿಕೊಳ್ಳುತ್ತಾ "ಸಾರಿ ಕಣೇ" ಅಂದರು. ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಮಾತ್ರೆಯ ಸ್ಟ್ರಿಪ್ಪು ಇಸಿದುಕೊಂಡು ಡ್ರಾಯರಿಗೆ ಹಾಕಿದರು, ಬೇರೆ ಪರೀಕ್ಷೆಗಳನ್ನು ಬರೆದುಕೊಟ್ಟರು. ಎರಡು ದಿನಕ್ಕೆ ಉತ್ತರ ಬಂತು. ರಕ್ತದಲ್ಲಿ ಕಬ್ಬಿಣದ ಅಂಶ ಪಾತಾಳದಲ್ಲಿ, ಬಿ ಟ್ವೆಲ್ವ್ ವಿಟಮಿನ್ ಅದಕ್ಕಿಂತ ಕೆಳಗೆ. ಎರಡಕ್ಕೂ ಔಷಧಿ ಇದೆ, ಹೆದರಬೇಡಿ ಅಂದರು.

ಹೆದರುವುದೆಲ್ಲಿಂದ ಬಂತು! ಮರುದಿನ ಫ್ಯಾಕ್ಟರಿಗೆ ಒಂದು ಕಿಲೋ ಪೇಡೆ ತೆಗೆದುಕೊಂಡು ಹೋಗಿ ಊಟದ ಹೊತ್ತಿನಲ್ಲಿ ಎಲ್ಲರಿಗೂ ಹಂಚಿದೆ. ನಮ್ಮ ಸೂಪರ್‌ವೈಸರು ಪೇಡೆ ಬಾಯಿಗಿಟ್ಟುಕೊಂಡು, "ಏನು ಬೆನ್, ಪ್ರಮೋಷನ್ನಾ?" ಅಂದರು.

"ಇಲ್ಲ ಸರ್, ಬ್ಲಡ್ ರಿಪೋರ್ಟು ಕೆಟ್ಟದಾಗಿ ಬಂತು" ಅಂದೆ, ಬಾಯಿ ತುಂಬ ನಗುತ್ತಾ.

ಅವರು ಅಗಿಯುವುದನ್ನು ನಿಲ್ಲಿಸಿದರು. ಅಭಿನಂದನೆ ಹೇಳಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ಕೇಳಿದರು: "ದೊಡ್ಡ ಕಾಯಿಲೆ ಏನಲ್ಲ ತಾನೇ?"

"ಅಲ್ಲ ಸರ್."

"ಹಾಗಾದರೆ ಇನ್ನೊಂದು ಕೊಡಿ."