ಪ್ಯಾಕೇಜು ಕಟ್ಟುವವರು ಯಾರು ಮಾರಾಯ್ರೆ?

ತಪ್ಪು ನಮ್ಮದೇ. ಕನ್ನಡದ ಉಚಿತ ತಂತ್ರಾಂಶ ಎಲ್ಲರಿಗೂ ಬೇಕಿತ್ತು, ಅದರ ಪ್ಯಾಕೇಜು ಕಟ್ಟುವ ಕೆಲಸ ಯಾರಿಗೂ ಬೇಡವಾಗಿತ್ತು. ನಮ್ಮ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಬಂಟ್ವಾಳದಲ್ಲಿ ನನ್ನದು ಅರ್ಜಿ ಟೈಪು ಮಾಡುವ ಅಂಗಡಿ. ಕಂಪ್ಯೂಟರು ನಡೆಸುವ ಉಚಿತ ವ್ಯವಸ್ಥೆ ಲಿನಕ್ಸ್ ನಾನೇ ಕಲಿತದ್ದು, ಗುರುಗಳಿಲ್ಲ. ಮೂಡುಬಿದಿರೆಯ ಮಾಸ್ಟ್ರೊಬ್ಬರು ಅದರಲ್ಲಿ ಕನ್ನಡ ಟೈಪು ಮಾಡುವ ತಂತ್ರಾಂಶ ಬರೆದಿದ್ದರು. ಬರೆದರೆ ಸಾಲದು. ಬೇಕಾದ ಫೈಲುಗಳನ್ನೆಲ್ಲ ಸೇರಿಸಿ, ಲಿನಕ್ಸಿನ ಪ್ರತಿ ಹೊಸ ಆವೃತ್ತಿಗೂ ಹೊಂದುವಂತೆ ಯಾರಾದರೂ ಕಟ್ಟಿ ಕೊಡಬೇಕು. "ತಿಂಗಳೊಳಗೆ ಹೊಣೆಗಾರರು ಸಿಗದಿದ್ದರೆ ನಮ್ಮ ಸಿ.ಡಿ.ಯಿಂದ ತೆಗೆಯುತ್ತೇವೆ" ಎಂದು ಲಿನಕ್ಸನ್ನು ಸಿ.ಡಿ.ಯಲ್ಲಿ ಹಂಚುವವರ ಪತ್ರ ಬಳಸುವವರಿಗೆಲ್ಲ ಬಂತು. ತೆಗೆದರೆ ನನ್ನ ಅಂಗಡಿಯಿಂದ ಒಂದು ಕನ್ನಡ ಅರ್ಜಿಯೂ ಹೊರಡುವುದಿಲ್ಲ.

೧. ಶಾಲು

ಮೂಡುಬಿದಿರೆಗೆ ಓಡಿದೆ. ಅಲ್ಲಿ ಮಾಸ್ಟ್ರಿಗೆ ಸನ್ಮಾನ ನಡೆಯುತ್ತಿತ್ತು. "ಪ್ಯಾಕೇಜು ಯಾರು ಕಟ್ಟುವುದು?" ಎಂದೆ.

"ನಾನು ಬರೆದಾಯ್ತಲ್ಲ ಮಾರಾಯ್ರೆ," ಎಂದರು ಮಾಸ್ಟ್ರು.

ಸಂಘಟಕರು ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದರು: "ಗಲಾಟೆ ಮಾಡ್ಬೇಡಿ. ನಿಮಗೂ ಒಂದು ಶಾಲು ಉಂಟು."

೨. ಸಮಿತಿ

ಮಡಂತ್ಯಾರಿನಲ್ಲಿ ಕನ್ನಡಾಭಿಮಾನಿಗಳ ಸಭೆ ಕರೆದೆ. ಗೌರವಾಧ್ಯಕ್ಷ, ಅಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಸಂಚಾಲಕ, ಸಹಸಂಚಾಲಕ, ಎಲ್ಲ ಆಯ್ಕೆಯೂ ಅರ್ಧ ಗಂಟೆಯಲ್ಲಿ ಮುಗಿಯಿತು. ಗಲ್ಫಿನಿಂದ ರಜೆಗೆ ಬಂದಿದ್ದ ಬ್ಯಾರಿ ವ್ಯಾಪಾರಿಯೊಬ್ಬರು ಮಾತ್ರ ಕೇಳಿದರು, "ಕೆಲಸ ಯಾರು ಮಾಡುವುದು?"

ಅಧ್ಯಕ್ಷರು ಗಂಭೀರವಾಗಿ ಹೇಳಿದರು: "ಒಳ್ಳೆ ಪ್ರಶ್ನೆ. ನಿಮ್ಮನ್ನು ಸಲಹೆಗಾರರನ್ನಾಗಿ ಮಾಡುವ."

೩. ಶಿರ್ತಾಡಿಯ ಫೋನು

ನನ್ನಂತೆಯೇ ಲಿನಕ್ಸ್ ಕಲಿತಿದ್ದ ಶಿರ್ತಾಡಿಯ ರಬ್ಬರು ಕೃಷಿಕರೊಬ್ಬರು ನನಗೆ ದಿನಾ ಫೋನು ಮಾಡಿ ಬೈಯುತ್ತಿದ್ದರು. "ನಿಮ್ಮ ಕನ್ನಡ ಇನ್‌ಸ್ಟಾಲೇ ಆಗುವುದಿಲ್ಲ. ಎಂಥ ಕರ್ಮ ಇದು?"

ಗಡುವಿಗೆ ಎರಡು ವಾರ ಇತ್ತು. ನಾನೂ ಸಿಟ್ಟಿನಲ್ಲಿದ್ದೆ. "ಅಷ್ಟು ಗೊತ್ತಿದ್ರೆ ನೀವೇ ಕಟ್ಟಿ," ಎಂದೆ.

ಆಮೇಲೆ ಫೋನೇ ಇಲ್ಲ. ಗಡುವಿನ ದಿನ ನೋಡಿದರೆ ಯಾರೋ ಕಟ್ಟಿದ ಪ್ಯಾಕೇಜು ಲಿನಕ್ಸಿಗೆ ಸೇರಿಯಾಗಿದೆ. ಬೆಳ್ತಂಗಡಿಗೆ ಹೋಗಿ ಗೆಳೆಯನ ಹೊಸ ಕಂಪ್ಯೂಟರಿಗೆ ಹಾಕಿದೆ. ಒಂದೇ ಸಲಕ್ಕೆ ಕನ್ನಡ ಮೂಡಿತು. ಒಂದು ತಿಂಗಳ ನಂತರ ಅವತ್ತು ಹೊಟ್ಟೆ ತುಂಬ ಉಂಡೆ.

ಮರುದಿನದಿಂದ ನನಗೆ ಬೈಗುಳದ ಪತ್ರಗಳು. ಒತ್ತಕ್ಷರ ಸರಿಯಿಲ್ಲ, ಅದು ಬರುವುದಿಲ್ಲ, ಇದು ಬರುವುದಿಲ್ಲ. ಪ್ಯಾಕೇಜು ಬಿಚ್ಚಿ ನೋಡಿದೆ. ಹೊಣೆಗಾರರ ಜಾಗದಲ್ಲಿ ನನ್ನ ಹೆಸರಿತ್ತು. ಕಟ್ಟಿದ್ದು ಯಾರೆಂದು ಆಗ ಹೊಳೆಯಿತು, ಶಿರ್ತಾಡಿಗೆ ಫೋನು ಮಾಡಿದೆ.

"ನೀವು ಹಿರಿಯರಲ್ವಾ," ಎಂದರು ಕೃಷಿಕರು. "ನೀವಿರುವಾಗ ನನ್ನ ಹೆಸರು ಹಾಕಿದ್ರೆ ಚಂದ ಆಗ್ತದಾ? ಮತ್ತೆ, ಆ ಪತ್ರಗಳಲ್ಲಿ ಮೂರು ನನ್ನದೇ. ಉತ್ತರ ಯಾವಾಗ ಕೊಡ್ತೀರಿ?"

ಓದುತ್ತಿರುವ ನೀವು ಬರೇ ನಗಬೇಡಿ. ನೀವು ಬಳಸುವ ಉಚಿತ ತಂತ್ರಾಂಶಗಳಲ್ಲಿ ಒಂದರ ಪ್ಯಾಕೇಜನ್ನಾದರೂ ಇವತ್ತೇ ವಹಿಸಿಕೊಳ್ಳಿ. ಹೆಸರು ನಿಮ್ಮದೇ ಹಾಕಿ.